ಸುರುಳಿಯವು ನನಗಿರಲಿ

ವಿಜ್ಞಾನದ ಮೇಡಂ ಅವರಿಗೆ,

ಮಣ್ಣಿನ ಮಾದರಿ ಮಾಡುವವನ ನಮಸ್ಕಾರ.

ನೀವು ವಾಪಸ್ ಕಳಿಸಿದ ಬ್ಯಾಕ್ಟೀರಿಯಾಗಳು ತಲುಪಿದವು. ಕೋಲಿನಾಕಾರದ್ದು ಬಾಗಿದ್ದರಿಂದ ಮಕ್ಕಳು ಅದನ್ನು ಅಲ್ಪವಿರಾಮದಾಕಾರದ್ದೆಂದು ಬರೆದರಂತೆ. ಈ ಸಲದ ಮಣ್ಣೇ ಸರಿಯಿಲ್ಲ. ದುಂಡನೆಯವೂ ಆಲೂಗಡ್ಡೆಯಂತಾಗಿವೆ. "ಅಪ್ಪಾ, ಮಣ್ಣನ್ನ ಯಾಕೆ ಬೈತೀಯ? ಡಾಕ್ಟರ್ ಹತ್ರ ಹೋಗೋಣ ಬಾ," ಎನ್ನುತ್ತಾಳೆ ಮಗಳು. ಅವಳಿಗೆ ಎಲ್ಲದಕ್ಕೂ ಅವಸರ.

ನಿನ್ನೆ ಅರ್ಧ ಸೀಳಿದ ಕೋಲಿನೊಳಗೆ ಡಿಎನ್‌ಎಯ ಕೆಂಪು ದಾರ ಕೂರಿಸಲು ಹೋದೆ. ಈ ಜೀವಕ್ಕೆ ಕೋಶಕೇಂದ್ರವಿಲ್ಲ, ದಾರ ನಡುವೆ ಸಡಿಲವಾಗಿ ಬಿದ್ದಿರಬೇಕು ಎಂದು ಕಲಿಸಿದವರು ನೀವೇ. ನಾನಿಟ್ಟದ್ದು ಗೋಡೆಗೆಲ್ಲ ಅಂಟಿಕೊಂಡಿತು. ಕೊನೆಗೆ ಮಗಳೇ ಕೂರಿಸಿದಳು. ಚೆನ್ನಾಗಿ ಬಂದಿದೆ. ಇದುವರೆಗೆ ಅವಳಿಗೆ ಹೇಳಿಲ್ಲ.

ಇನ್ನು ಮೇಲೆ ಕೋಲು, ಗುಂಡುಗಳ ಕೆಲಸ ಅವಳಿಗೇ ಕೊಡಿ. ಸುರುಳಿಯವು ಮಾತ್ರ ನನಗಿರಲಿ. ಅವು ಹೇಗೂ ಬಳುಕಿಕೊಂಡೇ ಇರಬೇಕು. ಈ ಕೈ ಅದನ್ನು ಕೇಳದೆಯೇ ಮಾಡುತ್ತದೆ.

ಅಕ್ಷರ ಮಗಳದು. ಚೆನ್ನಾಗಿ ಬಂದಿದೆ ಎಂಬಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಬರಿ," ಎಂದೆ.

ಇಂತು,
ನಿಮ್ಮ ಮಣ್ಣಿನ ಮೇಷ್ಟ್ರು