ಕೆಂಪು ಬೀಳದ ನೋಟ್‌ಬುಕ್ಕು

ಲಾ ಗುವಾಬಿತಾ, ಪನಾಮಾ
ಅಕ್ಟೋಬರ್ ೯

ಪ್ರೀತಿಯ ದಾಲಿಸ್,

ಹಾಗಾದರೆ ನೀನು ಇನ್ನು ಪದ್ಯ ಕಟ್ಟುವುದೇ ಇಲ್ಲ, ಅಲ್ಲವಾ? ನೀನು ಹಾಗೆಂದ ಆ ಧ್ವನಿ ತುಣುಕನ್ನು ಹನ್ನೊಂದು ಸಲ ಕೇಳಿದೆ. ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಹೀಗೇ ಮೂರು ವಾರ ಹೋಯಿತು. ತಡವಾಯಿತೆಂದು ಬೈಯಬೇಡ. ಕಾಗದದಲ್ಲಾದರೆ ಹೊಡೆದು ಹಾಕಿದ್ದೂ ಕಾಣುತ್ತದೆ, ಅದಕ್ಕೇ ಕಾಗದ. ಕೊಲೋನ್‌ನಲ್ಲಿ ನಿನ್ನ ಅಮ್ಮನಿಗೆ ಬಂದರಿನ ಕೆಲಸ ಒಗ್ಗಿತಾ?

ಇಲ್ಲಿ ಗುರುವಾರದ ಉಕ್ತಲೇಖನ ಇನ್ನೂ ನಿಂತಿಲ್ಲ. ವಿರಾಮಚಿಹ್ನೆಗಳಿಗೆ ಎನೆಯ್ದಾ ಟೀಚರ್ ಹೊಸ ಆಟ ಹುಡುಕಿದ್ದಾರೆ. ಓದುತ್ತಾ ನಡೆಯಬೇಕು. ಅಲ್ಪವಿರಾಮ ಬಂದರೆ ಒಂದು ಗಳಿಗೆ ತಡೆಯಬೇಕು, ಪೂರ್ಣವಿರಾಮಕ್ಕೆ ಕಾಲು ಅಪ್ಪಳಿಸಿ ನಿಲ್ಲಬೇಕು. ಎದಿಲ್ಬರ್ತೊ ಎಲ್ಲೂ ನಿಲ್ಲದೆ ಓದುತ್ತಾ ಬಾಗಿಲು ದಾಟಿ ಅಂಗಳಕ್ಕೇ ಹೋಗಿಬಿಟ್ಟ.

"ಎಲ್ಲಿಗೋ ಹೊರಟೆ?" ಅಂದರು ಟೀಚರ್.

"ವಾಕ್ಯ ಮುಗ್ದಿಲ್ಲ ಟೀಚರ್. ಮನೆ ತನಕ ಹೋಗತ್ತೆ ಅನ್ಸತ್ತೆ."

ನೀನು ಹೋದ ಮೇಲೆ ನನಗೆ ಜೋಡಿ ಅವನೇ. ನೋಟ್‌ಬುಕ್ ಅದಲುಬದಲು ಮಾಡಿ ತಿದ್ದುವಾಗ ನನ್ನ ಪುಟವನ್ನೆಲ್ಲ ಕೆಂಪಗೆ ಮಾಡುತ್ತಾನೆ. "ಏನೋ ಇದು, ಕೋಳಿ ಕುಯ್ದ ಹಾಗಿದೆ" ಅಂತ ರೇಗಿದೆ. "ಕೋಳಿ ನಿಂದೇ ತಾನೇ?" ಅಂದ. ಆದರೆ ದಾಲಿಸ್, ಅವನು ಗುರುತು ಹಾಕಿದ ತಪ್ಪನ್ನು ನಾನು ಎರಡನೇ ಸಲ ಮಾಡಿಲ್ಲ.

ಭಾನುವಾರ ನಿನ್ನ ಅಜ್ಜಿ ಬಿಸಿಬಿಸಿ ಒಹಾಲ್ದ್ರೆ ರೊಟ್ಟಿ ಕರಿದು ಕೊಟ್ಟರು. "ನಮ್ ಹುಡುಗಿ ಅಲ್ಲಿ ಪದ ಹೇಳ್ತಾಳಂತಾ?" ಅಂತ ಕೇಳಿದರು. "ಹೇಳ್ತಾಳೆ ಅಜ್ಜಿ" ಅಂದೆ. ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದುಬಿಟ್ಟೆ.

ನಿನ್ನ ಪದ್ಯಕ್ಕೆ ಗುಂಪಿನ ಚಾಟ್‌ನಲ್ಲಿ ಎಲ್ಲರಿಗಿಂತ ಮೊದಲು ಹೃದಯ ಒತ್ತುತ್ತಿದ್ದವಳು ನಾನು. ಅಜ್ಜಿಯ ಹಠಮಾರಿ ಕತ್ತೆಯ ಮೇಲಿನ ಹತ್ತು ಸಾಲು ಈಗಲೂ ಬಾಯಿಪಾಠ. ಹೋದ ವರ್ಷ ಪ್ರಾಂತ್ಯದ ಸ್ಪರ್ಧೆಯಿಂದ ಅದೇ ಪದ್ಯ ವಾಪಸ್ ಬಂತಲ್ಲ, ನಲವತ್ತೊಂದು ಕೆಂಪು ಗುರುತು ಹೊತ್ತುಕೊಂಡು. ಕೆಳಗೆ ಒಂದೇ ಸಾಲು: ಬರಹ ಅಶುದ್ಧ, ಪರಿಗಣಿಸಿಲ್ಲ. ನೀನು ಅದನ್ನು ಸಣ್ಣಗೆ ಮಡಿಸಿ ಶೂ ಒಳಗೆ ತುರುಕಿಕೊಂಡೆ. "ವರ್ಷ ಪೂರ್ತಿ ಉಕ್ತಲೇಖನದಲ್ಲಿ ನಂಗೆ ಒಂದ್ ತಪ್ಪೂ ಬಂದಿರ್ಲಿಲ್ವಲ್ಲೇ" ಅಂತ ಮಾತ್ರ ನೀನು ಹೇಳಿದ್ದು. ಅವತ್ತಿನಿಂದ ಚಾಟ್‌ನಲ್ಲಿ ನೀನು ಒಂದಕ್ಷರ ಟೈಪ್ ಮಾಡಿಲ್ಲ. ಬರೀ ಧ್ವನಿ.

ಈ ವರ್ಷದ ಸ್ಪರ್ಧೆಗೆ ತಿಂಗಳ ಕೊನೆಯವರೆಗೆ ಸಮಯವಿದೆ. "ಆ ಹುಡುಗಿಗೆ ಇರೋಂಥ ಕಿವಿ ನಾನು ಬೇರೆ ಯಾರಲ್ಲೂ ನೋಡಿಲ್ಲ, ಬರಿ ಅಂತ ಹೇಳು" ಅಂದಿದ್ದಾರೆ ಟೀಚರ್.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಪೆನ್ನನ್ನೂ.

ನಿನ್ನ ಮೊದಲ ಅಭಿಮಾನಿ,
ಯಾರಿಬೆತ್

ತಾ.ಕ.: ಮೊನ್ನೆ ತರಗತಿಯ ಕಪಾಟು ಒರೆಸುವಾಗ ನಿನ್ನ ಹಳೆಯ ಉಕ್ತಲೇಖನದ ನೋಟ್‌ಬುಕ್ ಸಿಕ್ಕಿತು. ಪ್ರತಿ ಪುಟದ ಕೆಳಗೂ 'ಎಲ್ಲ ಸರಿ' ಎಂದು ನನ್ನ ಸಹಿ. ಟೀಚರ್ ತಿರುವಿ ನೋಡಿ, "ಇಷ್ಟರಲ್ಲಿ ಒಂದೂ ಕಾಣಿಸ್ಲಿಲ್ವೇನೇ ನಿಂಗೆ?" ಅಂದರು. "ಇಲ್ಲ ಟೀಚರ್" ಅಂದೆ.

ಕಂಡಿತ್ತು ದಾಲಿಸ್. ಎಲ್ಲವೂ ಕಂಡಿತ್ತು. ನಿನ್ನ ಪುಟಕ್ಕೆ ಕೆಂಪು ಹಚ್ಚಲು ಕೈ ಬರಲಿಲ್ಲ. ನೀನು ಮುನಿಸಿಕೊಂಡು ಹೊಸ ಪದ್ಯವನ್ನು ಬೇರೆ ಯಾರಿಗಾದರೂ ಮೊದಲು ತೋರಿಸಿಬಿಟ್ಟರೆ ಎಂಬ ಭಯವೂ ಇತ್ತು. ಆ ನಲವತ್ತೊಂದೂ ನನ್ನ ತಪ್ಪುಗಳೇ.

ನಿನ್ನ ಆ ಪುಟಗಳನ್ನೆಲ್ಲ ಈಗ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಕೆಂಪು ಪೆನ್ಸಿಲ್ಲೂ ಇದೆ. ಈ ಕಾಗದದಲ್ಲೂ ತಪ್ಪುಗಳಿರುತ್ತವೆ. ಒಂದನ್ನೂ ಬಿಡದೆ ಗುರುತು ಹಾಕಿ, ಹಿಂಬದಿಯಲ್ಲಿ ಹತ್ತು ಸಾಲು ಕಟ್ಟಿ ವಾಪಸ್ ಕಳಿಸುವ ಧೈರ್ಯ ಇದೆಯೇನೇ ನಿನಗೆ?