ಚೂಟಿಯ ಕಾಲಿಗೆ ಅಟ್ಟೆ ಹಾಕಿದವನಿಗೆ

ಮಂಗಳವಾರ, ನವೆಂಬರ್ ೧೧

ತಮ್ಮಾ,

ಚೆನ್ನಾಗಿರು. ಮೊದಲೇ ಹರಸಿಬಿಡುತ್ತೇನೆ, ಬರೆಯುತ್ತಾ ಹೋದರೆ ಹರಸುವ ಮನಸ್ಸು ಉಳಿಯುತ್ತದೋ ಇಲ್ಲವೋ. ನಾನು ಗಟ್ಟಿಯಾಗಿದ್ದೇನೆ, ಮೊಣಕಾಲು ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ. ನಿನ್ನ ನಾಯಿ ಚೂಟಿ ಇಲ್ಲಿಗೆ ಬಂದ ದಿನವೇ ಬರೆಯಬೇಕಿತ್ತು, ತಡವಾಯಿತು, ತಪ್ಪು ತಿಳಿಯಬೇಡ. ಆವತ್ತು ಬರೆಯಲು ಕೂತೆ ಕೂಡ. ಸಿಟ್ಟಿನಲ್ಲಿ ಪೆನ್ನು ಒತ್ತಿ ಕಾಗದ ಹರಿಯಿತು. ಮೊದಲೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಅದರ ಮೇಲೆ ಸಿಟ್ಟು ಬೇರೆ. ನಿನಗೆ ಓದಲಾಗದು ಎಂದು ಬಿಟ್ಟೆ.

ಈಗ ನಿನ್ನ ಬೇಟೆ ಗೆಳೆಯ, ಮಾಂಸದಂಗಡಿಯ ಮೀಸೆ, ಬಾಗಿಲಲ್ಲಿ ನಿಂತು "ಭಾನುವಾರ ಬೆಟ್ಟ ಹತ್ತತೀವಿ ಅಕ್ಕಾ, ಚೂಟಿನ ಕಳಿಸಬೇಕಂತೆ" ಎಂದು ಹಲ್ಲು ಕಿರಿದ ಮೇಲೆ ಸುಮ್ಮನಿರುವುದು ನನ್ನಿಂದಾಗದು. ಅವನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಕಾಯಲಿ.

ಚೂಟಿಯನ್ನು ಕಳಿಸುವುದಿಲ್ಲ. ಯಾಕೆ ಅಂತ ಕೇಳು.

ಆವತ್ತು ನಾನು ಚೀಲವೊಂದಕ್ಕೆ ಹಿಡಿ ಹೊಲಿಯುತ್ತಿದ್ದೆ. ಬಾಗಿಲು ಕೆರೆದ ಸದ್ದಾಯಿತು. ತೆರೆದರೆ ಇವಳು. ಮೈಯೆಲ್ಲ ಒದ್ದೆ, ನಾಲಿಗೆ ಜೋತುಬಿದ್ದಿದೆ, ಮುಂದಿನ ಬಲಗಾಲು ಮೇಲೆತ್ತಿಕೊಂಡಿದ್ದಾಳೆ. ಅಂಗಾಲಿಗೆ ಏನೋ ಮೆತ್ತಿಕೊಂಡಿತ್ತು, ಕೆಸರು ಅಂದುಕೊಂಡೆ. ಕಿಟಕಿ ಹತ್ತಿರ ತಂದು ನೋಡಿದರೆ ಅಟ್ಟೆ! ಬೂಟಿಗೆ ಹಾಕುವ ಅಟ್ಟೆ! ಅಂಚನ್ನು ರಂಪಿಗೆಯಲ್ಲಿ ಕೊಯ್ದು, ಉಜ್ಜಿ ನಯ ಮಾಡಿ, ಅಂಟು ಬಳಿದು ಕೂರಿಸಿದ ಅಟ್ಟೆ. ಯಾರ ಕೈಕೆಲಸ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಲಸವೇನೋ ಚೊಕ್ಕವಾಗಿತ್ತು. ಅದಕ್ಕೇ ಇನ್ನೂ ಉರಿಯಿತು.

ಅಲ್ಲ ಕಣೋ, ಊರಲ್ಲಿ ಬಡಗಿಯಿದ್ದಾನೆ, ಗಾರೆಯವನಿದ್ದಾನೆ, ಕುಲುಮೆಯವನಿದ್ದಾನೆ. ಅವರ ನಾಯಿಗಳಿಗೂ ಕಾಲು ಕೊಯ್ಯುತ್ತದೆ. ಯಾರ ತಲೆಗಾದರೂ ಈ ಬುದ್ಧಿ ಹೊಳೆದೀತೇ? ಸವೆದದ್ದಕ್ಕೆ ಅಟ್ಟೆ ಹಾಕು, ಬಿರಿದದ್ದಕ್ಕೆ ಅಂಟು ಹಾಕು ಅಂತ ಅಪ್ಪ ಕಲಿಸಿದ್ದು ಬೂಟಿಗೆ. ಜೀವಕ್ಕಲ್ಲ.

ಎಳೆದು ಕೀಳುವ ಹಾಗಿಲ್ಲ, ಚರ್ಮವೂ ಜೊತೆಗೆ ಬರುತ್ತದೆ. ಅಂಟು ಬಿಡಿಸುವ ತಿನ್ನರ್ ಮುಟ್ಟಿಸುವ ಹಾಗಿಲ್ಲ, ಹಸಿ ಗಾಯ ಸುಟ್ಟುಹೋಗುತ್ತದೆ. ಅಡುಗೆಯ ಎಣ್ಣೆ ತಂದು ಅಂಚಿಗೆ ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಅದ್ದಿಸಿ, ಬೆರಳ ತುದಿಯಲ್ಲಿ ಚೂರುಚೂರೇ ಸಡಿಲಿಸಿದೆ. ಅಂಟಿಗೆ ಸಿಕ್ಕ ಕೂದಲನ್ನು ಕತ್ತರಿಯಲ್ಲಿ ತೆಗೆದೆ. ಒಂದು ಸಲ ನನ್ನ ಮುಂಗೈಯನ್ನು ಬಾಯಲ್ಲಿ ಹಿಡಿದಳು. ಕಚ್ಚಲಿಲ್ಲ. ಹಿಡಿದುಕೊಂಡು ನನ್ನ ಮುಖ ನೋಡಿದಳು. ನಿನ್ನ ಜನ್ಮಕ್ಕಿಷ್ಟು ಎಂದು ನಿನ್ನನ್ನು ಬೈದೆ, ಅವಳು ಪಾಪ ತನಗೇ ಬೈದದ್ದು ಎಂದು ಕಿವಿ ಮಡಚಿಕೊಂಡಳು.

ಅಟ್ಟೆ ಬಿಟ್ಟುಕೊಂಡಿತು. ನಾತ ಮೂಗಿಗೆ ಬಡಿಯಿತು. ಅಂಗಾಲಿನ ಮೆತ್ತೆ ಈ ಕಡೆಯಿಂದ ಆ ಕಡೆಗೆ ಸೀಳಿತ್ತು, ಒಳಗೆ ಕೀವು, ಕೀವಿನ ನಡುವೆ ಕಲ್ಲಿನ ಚಕ್ಕೆ ಹಾಗೇ ಕೂತಿತ್ತು. ನೀನು ತೊಳೆಯಲಿಲ್ಲ, ಒಳಗೆ ಏನಿದೆ ಎಂದು ನೋಡಲಿಲ್ಲ, ಮೇಲೆ ಮುಚ್ಚಿದೆ, ಮುಗಿಯಿತು. ಮೇಲಿಂದ ಚಂದ ಕಂಡರೆ ನಿನಗೆ ಸಾಕು.

ಚಿಮಟದಿಂದ ಚಕ್ಕೆ ತೆಗೆದು, ಉಪ್ಪುನೀರಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ದನದ ಡಾಕ್ಟರಮ್ಮನನ್ನು ಕರೆಸಿದೆ. ಆಕೆ ಅಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಯಾರಮ್ಮಾ ಈ ಮಹಾನುಭಾವ?" ಅಂದರು.

"ನನ್ನ ತಮ್ಮ."

"ಏನು ಕೆಲಸ?"

"ಬೂಟು ರಿಪೇರಿ."

"ಸರಿಹೋಯ್ತು. ಲೇಸು ಕಟ್ಟೋದೊಂದು ಬಾಕಿ ಇತ್ತು. ಅಂಥೋರ ಕೈಗೆ ಪ್ರಾಣಿ ಕೊಡಬಾರದು."

"ನೋಡಿ ಡಾಕ್ಟರಮ್ಮಾ, ನನ್ನ ತಮ್ಮನ್ನ ಬೈಯೋಕೆ ನಾನಿದೀನಿ. ನೀವು ಕಾಲು ನೋಡಿ" ಅಂದೆ. ಹೊರಗಿನವರ ಮುಂದೆ ನಿನ್ನನ್ನು ಬಿಟ್ಟುಕೊಡಲಿಲ್ಲ. ಆಕೆ ನಕ್ಕು ಇಂಜೆಕ್ಷನ್ ಕೊಟ್ಟು, ಮುಲಾಮು ಬರೆದು, ಆರೈಕೆ ಹೇಳಿಕೊಟ್ಟರು.

ಅದನ್ನು ನಿನಗೂ ಹೇಳುತ್ತೇನೆ, ಕಿವಿ ಕೊಟ್ಟು ಕೇಳು. ದಿನಾ ಕಟ್ಟು ಬಿಚ್ಚಿ ತೊಳೆಯಬೇಕು. ತೇವ ಪೂರ್ತಿ ಒರೆಸಿ ಮುಲಾಮು ಹಚ್ಚಬೇಕು. ಬೆರಳ ಸಂದಿಗೆ ಹತ್ತಿ ಇಟ್ಟು, ಬಿಗಿ ಮಾಡದೆ ಕಟ್ಟಬೇಕು. ಬಿಗಿಯಾದರೆ ಬೆರಳು ಊದಿಕೊಳ್ಳುತ್ತದೆ. ಮೇಲೊಂದು ಹಳೇ ಕಾಲುಚೀಲ. ಅಂಗಳಕ್ಕೆ ಬಿಡುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬಂದ ಕೂಡಲೇ ಬಿಚ್ಚಬೇಕು, ಗಾಳಿಯಾಡದಿದ್ದರೆ ಗಾಯ ಕೊಳೆಯುತ್ತದೆ. ನೆಕ್ಕದ ಹಾಗೆ ರಟ್ಟು ಕೊಯ್ದು ಕೊರಳಿಗೆ ಹಾಕಿದ್ದೇನೆ. ಆ ರಟ್ಟು ಹಾಕಿಕೊಂಡು ಮೇಜಿನ ಕಾಲಿಗೆಲ್ಲ ಢಿಕ್ಕಿ ಹೊಡೆದು, ತಪ್ಪು ಮೇಜಿನದೇ ಎಂಬಂತೆ ಗುರುಗುಟ್ಟುತ್ತಾಳೆ. ಥೇಟ್ ನೀನೇ.

ಈಗ ಕೀವು ನಿಂತಿದೆ. ಅಂಚಿನಿಂದ ಹೊಸ ಚರ್ಮ ಬರುತ್ತಿದೆ, ತೆಳ್ಳಗೆ, ಮಗುವಿನ ಅಂಗಾಲಿನ ಹಾಗೆ. ಈ ಕಾಲಲ್ಲಿ ಕಲ್ಲುಬೆಟ್ಟ ಹತ್ತಿಸುತ್ತೀಯಾ? ಹಂದಿ ಹಿಂದೆ ಓಡಿಸುತ್ತೀಯಾ? ಮತ್ತೆ ಸೀಳಿದರೆ ಈ ಜನ್ಮಕ್ಕೆ ಅವಳು ಓಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಓಡುವುದಕ್ಕೇ ಹುಟ್ಟಿದ ನಾಯಿ ಅದು.

ಮೀಸೆಯನ್ನೂ ಬಿಡಲಿಲ್ಲ. "ನಾಯಿ ಕುಂಟೋದು ನಿಮಗೆ ಯಾರಿಗೂ ಕಾಣಲಿಲ್ವೇನೋ?" ಅಂದೆ. ತಲೆ ಕೆರೆದುಕೊಂಡ. "ಕಂಡಿತ್ತಕ್ಕಾ. ವಾಪಸ್ ಹೋಗೋಣ ಅಂದ್ವಿ, ಅವನು ಕೇಳಲಿಲ್ಲ. ರಾತ್ರೋರಾತ್ರಿ ಅಟ್ಟೆ ಹಾಕಿ ಬೆಳಿಗ್ಗೆ ಮತ್ತೆ ಹೊರಟ. ಈಗೀಗ ಮನೇಲಿ ಕೂರೋದೇ ಇಲ್ಲ ಅವನು. ಅಂಗಡಿ ಮುಚ್ಚಿದ್ರೆ ಬೆಟ್ಟ, ಬೆಟ್ಟ ಇಳಿದ್ರೆ ಅಂಗಡಿ" ಅಂದ. ಏನೂ ಸಿಗದಿದ್ದರೂ ಕತ್ತಲಾಗುವ ತನಕ ಸುತ್ತುತ್ತೀಯಂತೆ.

ಆದ್ದರಿಂದ ಇವನನ್ನು ಬರಿಗೈಯಲ್ಲಿ ಕಳಿಸುತ್ತಿದ್ದೇನೆ. ಇನ್ನು ಮೀಸೆಯನ್ನಾಗಲಿ ಗಡ್ಡವನ್ನಾಗಲಿ ಕಳಿಸಬೇಡ. ನಾಯಿ ಬೇಕಿದ್ದರೆ ನೀನೇ ಬಾ. ಬಂದು ಈ ಕಟ್ಟನ್ನು ನಿನ್ನ ಕೈಯಾರೆ ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ತೋರಿಸು.

ಹೊತ್ತು ಹೊತ್ತಿಗೆ ಉಣ್ಣು. ಮೈ ಕಡೆ ಗಮನವಿರಲಿ. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ
ಅಕ್ಕ

ಇನ್ನೊಂದು ಮಾತು: ನಿನ್ನ ಹೆಂಡತಿ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಚೀಲ ಹೊಲಿಸಲು ಬಂದ ಯಾರೋ ಗಿರಾಕಿ. ಕೈಯಲ್ಲಿದ್ದ ಸೂಜಿ ಬಿಟ್ಟು ಓಡಿ ಬಂದೆ. ಸುದ್ದಿ ಮುಟ್ಟುವಷ್ಟರಲ್ಲೇ ಮಣ್ಣಾಗಿ ವಾರ ಕಳೆದಿತ್ತು. ನಾನು ಬಂದಾಗ ನೀನು ಅಂಗಡಿ ತೆರೆದು ಯಾರದೋ ಬೂಟಿಗೆ ಅಟ್ಟೆ ಹೊಡೆಯುತ್ತಿದ್ದೆ. ತಲೆ ಎತ್ತದೆ "ಕೆಲಸ ಇದೆ ಅಕ್ಕಾ, ಆಮೇಲೆ ಮಾತಾಡೋಣ" ಅಂದೆ. ಅವ್ವ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಆಡಿದ ಮಾತು ಅದು. ಆ "ಆಮೇಲೆ" ಇನ್ನೂ ಬಂದಿಲ್ಲ. ಚೂಟಿಗೆ ನೋವಾದಾಗ ಮೂರು ಕಾಲಲ್ಲಿ ಕುಂಟುತ್ತಾ, ಮಳೆಯಲ್ಲಿ ಸೇತುವೆ ದಾಟಿ ನನ್ನ ಬಾಗಿಲಿಗೆ ಬಂದಳು. ನಿನಗೆ ಎರಡು ಕಾಲೂ ನೆಟ್ಟಗಿವೆಯಲ್ಲೋ.