ಶರ್ವರಿ ನೋಡಿದ ವಿಡಿಯೊ

ಖಟಕ ಚಿಂಚೋಳಿ

ಮಂಜಿರಿ ಟೀಚರ್ ಅವರಿಗೆ ಅಂಬೂಬಾಯಿಯ ನಮಸ್ಕಾರ.

ಕ್ಲಾಸಿನಲ್ಲಿ ನೆಟ್ ಹಚ್ಚಿ ಹುಡುಗಿಯರಿಗೆ ಮುಟ್ಟಿನ ವಿಡಿಯೊ ತೋರಿಸಿದ್ದಕ್ಕೆ ನಾನು ಭಾಲ್ಕಿಯ ನಿಮ್ಮ ಶಾಲೆಗೇ ಬಂದು ನಿಮ್ಮೊಡನೆ ಜಗಳವಾಡಿದ್ದೆ. ಮೊಮ್ಮಗಳು ಶರ್ವರಿಯನ್ನು ಶಾಲೆ ಬಿಡಿಸುತ್ತೇನೆ ಎಂದಿದ್ದೆ.

ನಿನ್ನೆ ಅವಳು ದೊಡ್ಡವಳಾದಳು. ತಾಯಿಯಿಲ್ಲದ ಹುಡುಗಿ, ಹೇಗೆ ಹೇಳಲಿ ಎಂದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವಳೇ, “ಅಂಜಬ್ಯಾಡ ಆಯಿ, ಇದೇನು ಬ್ಯಾನಿ ಅಲ್ಲ. ಟೀಚರ್ ಸಾಲ್ಯಾಗ ಎಲ್ಲಾ ತೋರ್ಸ್ಯಾರ. ನೀ ಯಾಕ ಬಾಗಲ್ದಾಗೇ ನಿಂತಿದಿ?” ಎಂದು ನಕ್ಕಳು. ನನ್ನ ಎದೆ ಹಗುರಾಯಿತು.

ಶಾಲೆ ಬಿಟ್ಟ ಹುಡುಗಿಯರು ನಮ್ಮ ಓಣಿಯಲ್ಲಿದ್ದಾರೆ. ಭಾನುವಾರ ಬಂದು ನಮ್ಮ ಟಿವಿಯಲ್ಲಿ ಅದೇ ವಿಡಿಯೊ ಹಾಕಿರಿ. ಗಂಡಸರನ್ನು ನಾನು ಹೊಲಕ್ಕೆ ಅಟ್ಟುತ್ತೇನೆ.

ನಮ್ಮ ಮನೆಯ ಪದ್ಧತಿಯಂತೆ ಶರ್ವರಿ ಈಗ ಹೊರಗೆ ಕೂಡಬೇಕು. ಆದರೆ ನಾಳೆ ಪರೀಕ್ಷೆ ಇದೆ ಎಂದಳು. ಬೆಳಗಿನ ಬಸ್ಸಿಗೆ ಅವಳನ್ನು ನಾನೇ ಹತ್ತಿಸುತ್ತೇನೆ.

ಇತಿ,
ಅಂಬೂಬಾಯಿ